ಯೀ ಚಿಕ್ಕಮ್ಮನ ಅಳು

ಫ್ಲೋರಾ ಕ್ವಾಂಗ್ ಸಿನಿಮಾಗಳಲ್ಲಿ ಎಷ್ಟು ಸಲ ಸತ್ತಿದ್ದಳೋ ಅವಳಿಗೇ ನೆನಪಿರಲಿಲ್ಲ. ಪ್ರವಾಹದಲ್ಲಿ ಕೊಚ್ಚಿಹೋಗಿದ್ದಳು, ಬರಗಾಲದಲ್ಲಿ ರಸ್ತೆಬದಿಗೆ ಒರಗಿದ್ದಳು, ಡಕಾಯಿತರ ಗುಂಡಿಗೆ ಬಿದ್ದಿದ್ದಳು. ಲಾಸ್ ಏಂಜಲೀಸಿನಲ್ಲಿ ಹುಟ್ಟಿ ಅಲ್ಲೇ ಬೆಳೆದು, ಚೀನಾದ ಮಣ್ಣನ್ನು ಒಮ್ಮೆಯೂ ಮೆಟ್ಟದ ಹೆಂಗಸು ಹಾಲಿವುಡ್ಡಿನವರು ಕಟ್ಟಿದ ಚೀನಾದಲ್ಲಿ ಮಾತ್ರ ಮತ್ತೆ ಮತ್ತೆ ಸಾಯುತ್ತಿದ್ದಳು. ಸಾಯುವ ಕೆಲಸವಿಲ್ಲದ ದಿನ ಸ್ಯಾನ್ ಪೆಡ್ರೋ ಬೀದಿಯ ತರಕಾರಿ ಮಾರುಕಟ್ಟೆಯಲ್ಲಿ ಕೂತು ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು.

ಹೆಣವಾಗಿ ಮಲಗಿದವರಿಗೆ ಸಂಜೆ ಮನೆಗೆ ಹೊರಡುವಾಗ ಕೆಂಪು ಕಾಗದದ ಪುಟ್ಟ ಪೊಟ್ಟಣ ಸಿಗುತ್ತಿತ್ತು. ಅದರೊಳಗೆ ಒಂದು ನಾಣ್ಯ, ಒಂದು ಮಿಠಾಯಿ. ಜೀವವಿರುವಾಗಲೇ ಸತ್ತಂತೆ ನಟಿಸಿದ ದೋಷ ಕಳೆಯಬೇಕಾದರೆ ಮಿಠಾಯಿಯನ್ನು ಅಲ್ಲೇ ತಿಂದುಬಿಡಬೇಕು, ನಾಣ್ಯವನ್ನು ಮನೆಯ ಹೊಸ್ತಿಲು ದಾಟುವ ಮೊದಲು ಖರ್ಚು ಮಾಡಬೇಕು. ಸ್ಟುಡಿಯೋದ ಬಿಳಿಯರಿಗೆ ಇದೆಲ್ಲ ಹುಚ್ಚಾಟವಾಗಿ ಕಾಣುತ್ತಿತ್ತು. ಆದರೆ ಬೆನ್ ಜಂಗ್ ಬಿಡಬೇಕಲ್ಲ! ಸಿನಿಮಾದವರಿಗೆ ಚೀನೀ ಜನರನ್ನು ಒಟ್ಟುಮಾಡಿ ಕಳಿಸುವ ಮೇಸ್ತ್ರಿ ಅವನು. ಮಾರುಕಟ್ಟೆಯ ಎಲ್ಲರಿಗೂ ಜಂಗ್ ಮಾವ.

"ಪೊಟ್ಟಣ ಇಲ್ಲದೆ ನಮ್ಮೋರು ಸಾಯಲ್ಲ ಸಾಹೇಬ್ರೇ. ಅಷ್ಟು ಅರ್ಜೆಂಟಿದ್ರೆ ನೀವೇ ಬಂದು ಮಲಗಿ," ಎನ್ನುತ್ತಿದ್ದ. ಅವರು ನಗುತ್ತ ನಾಣ್ಯ ಕೊಡುತ್ತಿದ್ದರು.

ಫ್ಲೋರಾ ಮಿಷನ್ ಶಾಲೆಯಲ್ಲಿ ಓದಿದವಳು. ತಾಯಿ ಅವಳಿಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡಿದ್ದಳು. ತಂದೆ ಗಾಡಿಯಲ್ಲಿ ತರಕಾರಿ ಮಾರುತ್ತ ಊರೆಲ್ಲ ಸುತ್ತುತ್ತಿದ್ದ. ಹಾಗಾಗಿ ಅವಳಿಗೆ ಕೀರ್ತನೆಗಳು ಬಾಯಿಪಾಠ, ಪ್ರಾರ್ಥನೆ ಬಾಯಿಪಾಠ. ತನ್ನ ಜನ ಹೇಗೆ ಮದುವೆಯಾಗುತ್ತಾರೆ, ಹೇಗೆ ಮಣ್ಣು ಮಾಡುತ್ತಾರೆ ಎಂಬುದು ಮಾತ್ರ ಅಲ್ಲೊಂದು ಇಲ್ಲೊಂದು ಕಂಡದ್ದಷ್ಟೆ. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ಎದೆರೋಗದಿಂದ ತೀರಿಕೊಂಡ. ಆಗ ಅವಳನ್ನು ಮಂಚದಿಂದ ಎಬ್ಬಿಸಿ, ಗಂಜಿ ಕುಡಿಸಿ, ತಲೆ ಬಾಚಿ ಮತ್ತೆ ಮನುಷ್ಯಳನ್ನಾಗಿ ಮಾಡಿದವರು ಪಕ್ಕದ ಕೋಣೆಯ ಯೀ ಚಿಕ್ಕಮ್ಮ. ರಕ್ತಸಂಬಂಧ ಏನೂ ಇರಲಿಲ್ಲ. ಇಬ್ಬರಿಗೂ ಒಂದೇ ಅಡಿಗೆಮನೆ, ಇಬ್ಬರಿಗೂ ಸೇರಿ ಒಂದೇ ಅನ್ನದ ಪಾತ್ರೆ, ನಡುವೆ ಹಲಗೆಯ ಒಂದು ತೆಳು ಗೋಡೆ. ಫ್ಲೋರಾಳಿಗೆ ತನ್ನವರು ಎಂದು ಈ ಲೋಕದಲ್ಲಿ ಇದ್ದದ್ದು ಅವರೊಬ್ಬರೇ.

ಚಿಕ್ಕಮ್ಮನಿಗೆ ಒಬ್ಬನೇ ಮಗ. ನಮ್ಮ ಅಕ್ಷರ ಕಲಿತು ಬರಲಿ ಎಂದು ಅವನನ್ನು ಚೀನಾಕ್ಕೆ ಕಳಿಸಿದ್ದರು. ಕ್ಯಾಂಟನ್ ಪಟ್ಟಣದ ಮೇಲೆ ಜಪಾನಿನ ಬಾಂಬು ಬಿದ್ದ ಬೇಸಿಗೆಯಲ್ಲಿ ಅವನು ಹೋದ. ದೇಹ ಕೂಡ ಸಿಗಲಿಲ್ಲ. ಹಿರಿಯರು ಕಿರಿಯರಿಗಾಗಿ ನಾಲ್ಕು ಜನರ ಎದುರು ಅಳಬಾರದು ಎನ್ನುವುದು ಚೀನೀ ಜನರ ಕಟ್ಟುಪಾಡು. ಹೆತ್ತವಳು ಮಗನ ಹೆಣದ ಹಿಂದೆ ನಡೆಯುವಂತೆಯೂ ಇಲ್ಲ. ಆದ್ದರಿಂದ ಚಿಕ್ಕಮ್ಮ ವರ್ಷಕ್ಕೊಂದು ದಿನ, ಅವನು ಹೋದ ದಿನ, ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಕಿಟಕಿಗೆ ಕಂಬಳಿ ಕಟ್ಟಿ, ತಗ್ಗಿದ ದನಿಯಲ್ಲಿ ಹಾಡಿಕೊಂಡು ಅಳುತ್ತಿದ್ದರು. ಮಧ್ಯಾಹ್ನ ಏನೂ ಆಗದವರಂತೆ ಬಂದು ಅನ್ನಕ್ಕಿಡುತ್ತಿದ್ದರು. ಫ್ಲೋರಾ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ಗೋಡೆ ತೆಳುವಾಗಿತ್ತು. ವರ್ಷ ವರ್ಷ ಕೇಳಿ ಕೇಳಿ ಆ ಅಳು ಅವಳಿಗೆ ಕೀರ್ತನೆಯ ಹಾಗೆ ಬಾಯಿಗೆ ಬಂದುಬಿಟ್ಟಿತ್ತು.

*

ಯುದ್ಧ ಬಂದ ಮೇಲೆ ಸ್ಟುಡಿಯೋಗಳಿಗೆ ಚೀನಾದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಜಪಾನಿ ಜನರನ್ನೆಲ್ಲ ಹಿಡಿದು ದೂರದ ಶಿಬಿರಗಳಿಗೆ ಸಾಗಿಸಿದ್ದರಿಂದ ಜಪಾನಿ ಸೈನಿಕರ ಪಾತ್ರವೂ ಚೀನೀಯರಿಗೇ ಬಂತು. "ನಿನ್ನೆ ಹಳ್ಳಿಯವನಾಗಿ ಓಡಿದೆ, ಇವತ್ತು ಸಿಪಾಯಿಯಾಗಿ ನನ್ನನ್ನೇ ಅಟ್ಟಿಸ್ಕೊಂಡು ಹೋದೆ. ಇನ್ನೂ ಸಿಕ್ಕಿಲ್ಲ ನಾನು!" ಎಂದು ಜಂಗ್ ಮಾವ ಮಾರುಕಟ್ಟೆಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಆ ವರ್ಷ ಒಂದು ದೊಡ್ಡ ಸ್ಟುಡಿಯೋ ನದಿಯ ದಂಡೆಯ ಒಂದು ಹಳ್ಳಿಯ ಕಥೆ ಹಿಡಿಯಿತು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಇಡೀ ಹಳ್ಳಿಯನ್ನು ಶತ್ರುವಿನ ಎದುರು ಎಬ್ಬಿಸುವ ಕಥೆ. ಆ ತಾಯಿಯ ಪಾತ್ರಕ್ಕೆ ಫ್ಲೋರಾಳನ್ನೂ ಕರೆದು ಓದಿಸಿ ನೋಡಿದರು. ಅವಳು ಚರ್ಚಿನಲ್ಲಿ ಮೊಣಕಾಲೂರಿ ಬೇಡಿಕೊಂಡು ಹೋಗಿದ್ದಳು. ಓದು ಚೆನ್ನಾಗಿಯೇ ಇತ್ತು. "ಚೆನ್ನಾಗಿದೆ, ಆದರೆ ನೀನು ಚೀನಾದವಳು ಅಂತ ಜನ ನಂಬಲ್ಲ," ಎಂದರು. ಪಾತ್ರ ಎಲಿನೋರ್ ಬ್ರ್ಯಾಡ್‌ವೆಲ್ ಎಂಬ ತಾರೆಗೆ ಹೋಯಿತು. ಆಕೆಗೆ ಮುಸುಕಿನ ಜೋಳದ ಕೂದಲಿನ ಬಣ್ಣದ ತಲೆ, ಎತ್ತರದ ಮೈ, ರಾಣಿಯರ ಪಾತ್ರ ಮಾಡಿ ಹೆಸರಾದ ಗಂಟಲು. ತಲೆಗೆ ಕಪ್ಪು ಟೋಪನ್ ಇಟ್ಟರು. ಕಣ್ಣಿನ ಅಂಚನ್ನು ಅಂಟುಪಟ್ಟಿಯಿಂದ ಎಳೆದು ಕಿವಿಯ ಕಡೆಗೆ ಬಿಗಿದರು. ಆಕೆಗೆ ಜೋರಾಗಿ ನಗಲೂ ಆಗುತ್ತಿರಲಿಲ್ಲ, ಅಳಲೂ ಆಗುತ್ತಿರಲಿಲ್ಲ, ಪಟ್ಟಿ ಕಿತ್ತುಬರುತ್ತಿತ್ತು. ಮಿಕ್ಕ ದೊಡ್ಡ ಪಾತ್ರಗಳಿಗೂ ಹೀಗೇ ಅಂಟು ಹಚ್ಚಿದ ಬಿಳಿಯರೇ ಬಂದರು. ಫ್ಲೋರಾ ಎಂದಿನಂತೆ ಹೆಣದ ಸಾಲಿನಲ್ಲಿ ನಿಂತಳು.

ಒಂದು ದಿನ ನಿರ್ದೇಶಕ ಅವಳನ್ನು ಹತ್ತಿರ ಕರೆದ.

"ಫ್ಲೋರಾ, ನಿಮ್ಮಲ್ಲಿ ಮಗ ಸತ್ತರೆ ತಾಯಿ ಹೇಗೆ ಅಳ್ತಾಳೆ? ಮಿಸ್ ಬ್ರ್ಯಾಡ್‌ವೆಲ್‌ಗೆ ಹೇಳಿಕೊಡ್ತೀಯಾ? ನಿಮ್ಮ ಭಾಷೇಲೇ ಇರಲಿ. ಅರ್ಥ ಆಗಬೇಕಾಗಿಲ್ಲ, ಎದೆಗೆ ನಾಟಬೇಕು."

ಗೊತ್ತಿಲ್ಲ ಎನ್ನಬಹುದಿತ್ತು. ನಿಜವೂ ಅದೇ ಆಗಿತ್ತು. ಮುಂದೆ ಅವಳು ಆ ಒಂದು ಮಾತನ್ನು ಚೆನ್ನಾಗಿ ಕಲಿತಳು. ಯಾವ ಸ್ಟುಡಿಯೋದವರು ಚೀನೀಯರ ಬಗ್ಗೆ ಏನು ಕೇಳಿದರೂ "ನನಗೆ ಗೊತ್ತಿಲ್ಲ" ಎಂದು ಹೇಳಿ ಹೆಣದ ಸಾಲಿಗೆ ಹೋಗಿ ನಿಲ್ಲುತ್ತಿದ್ದಳು. ಆದರೆ ಅವತ್ತು ಎಲ್ಲರೂ ತನ್ನತ್ತ ತಿರುಗಿ ನೋಡುತ್ತಿದ್ದರು. ಕೂರಲು ಒಂದು ಕುರ್ಚಿ ತಂದಿಟ್ಟಿದ್ದರು, ಅದರ ಬೆನ್ನಿಗೆ ಸೀಮೆಸುಣ್ಣದಲ್ಲಿ ಅವಳ ಹೆಸರು ಬರೆದಿದ್ದರು. ನಾಳೆಯಿಂದ ಮನೆಗೇ ಕಾರು ಬರುತ್ತದೆ ಎಂದೂ ಹೇಳಿದರು. ಪಾತ್ರ ಕೊಡದವರು ಈಗ ಕೈಚಾಚಿ ಕೇಳುತ್ತಿದ್ದಾರೆ. ಅವಳ ಬಾಯಿ ತಾನಾಗಿ ತೆರೆಯಿತು. ಬಂದದ್ದು ಹಲಗೆಯ ಗೋಡೆಯಾಚೆ ಕೇಳಿದ ಅಳು.

ದಾರಿಯಲ್ಲಿ ನಾನು ಮುಂದಿದ್ದೆನಲ್ಲೋ ಮಗನೇ, ನನ್ನ ದಾಟಿ ಎಲ್ಲಿ ಹೋದೆ?
ನಿನ್ನ ಚಪ್ಪಲಿ ಬಾಗಿಲಲ್ಲಿದೆ ಕಂದಾ, ಕಾಲೆಲ್ಲಿ ಬಿಟ್ಟೆ?
ಪಾತ್ರೆಯ ತಳದ ಅನ್ನ ಕೆರೆದಿದ್ದೇನೆ, ಯಾರ ಕೈಗೆ ಹಾಕಲಿ?

ದೀಪ ಹಿಡಿದವನೊಬ್ಬ ಕಣ್ಣೊರೆಸಿಕೊಂಡ. ಸಂತೋಷದಿಂದ ಫ್ಲೋರಾಳ ಮುಖ ಬಿಸಿಯಾಯಿತು.

"ಕೊನೆಯ ಸಾಲಿಗೆ ಅರ್ಥ ಏನು?" ನಿರ್ದೇಶಕ ಕೇಳಿದ.

ಅವಳು ಹೇಳಿದಳು. ಅನ್ನ ಬೆಂದ ಮೇಲೆ ತಳದಲ್ಲಿ ಗರಿಗರಿಯಾಗಿ ಹತ್ತಿಕೊಳ್ಳುತ್ತಲ್ಲ, ಮಕ್ಕಳು ಅದಕ್ಕೆ ಜಗಳ ಆಡ್ತಾರೆ ಎಂದಳು.

"ಅದು ಬೇಡ. ಮಗ ಸತ್ತಾಗ ಯಾರಾದರೂ ಊಟದ ಮಾತು ಆಡ್ತಾರಾ?"

"ಹೌದು ಸರ್. ಬೇಡ," ಎಂದಳು ಫ್ಲೋರಾ.

ವಾರಗಟ್ಟಲೆ ಅವಳು ಮಿಸ್ ಬ್ರ್ಯಾಡ್‌ವೆಲ್‌ಗೆ ಮೊದಲ ಎರಡು ಸಾಲು ತಿದ್ದಿಸಿದಳು. ಆಕೆ ಕೆಟ್ಟವಳೇನಲ್ಲ, ಕಷ್ಟಪಟ್ಟು ಕಲಿತಳು. ಆದರೆ ಆಕೆಯ ಗಂಟಲಿನಲ್ಲಿ ಆ ಮಾತು ಬೀದಿಯಲ್ಲಿ ಮೀನು ಕೂಗಿ ಮಾರಿದ ಹಾಗಿರುತ್ತಿತ್ತು. ಸುಲಭವಾಗಲೆಂದು ಫ್ಲೋರಾ ಮಾತನ್ನು ತುಂಡು ತುಂಡು ಮಾಡಿದಳು, ಉಸಿರೆಳೆಯುವ ಜಾಗ ಬದಲಿಸಿದಳು.

ಒಂದು ಮಧ್ಯಾಹ್ನ ಜಂಗ್ ಮಾವ ಪಕ್ಕದಲ್ಲಿ ಬಂದು ನಿಂತ. "ಯಾರದಮ್ಮಾ ಈ ಅಳು?"

"ನಮ್ಮಮ್ಮಂದು."

ಅವಳ ತಾಯಿ ಸತ್ತಾಗ ಅವಳೆಷ್ಟು ಚಿಕ್ಕವಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಆ ಮಾತು ಎತ್ತಲಿಲ್ಲ. ಜೇಬಿನಿಂದ ಕೆಂಪು ಪೊಟ್ಟಣ ತೆಗೆದು ಚಾಚಿದ.

"ತಗೋ. ಸಾವಿಲ್ಲದ ಮನೇಲಿ ಅತ್ತರೆ ಒಳ್ಳೇದಲ್ಲ."

"ನಾನೇನು ಸತ್ತಿಲ್ವಲ್ಲ ಮಾವ, ಪಾಠ ಹೇಳ್ತಿದೀನಿ. ಅಲ್ದೆ ನಾನು ಚರ್ಚಿಗೆ ಹೋಗೋಳು, ನಂಗಿದೆಲ್ಲ ಯಾಕೆ?"

"ಹೋದ ಸಲ ನೆರೆಯಲ್ಲಿ ಸತ್ತಾಗ ಚರ್ಚು ಎಲ್ಲಿ ಹೋಗಿತ್ತು? ಮಿಠಾಯಿ ಚಪ್ಪರಿಸ್ಕೊಂಡು ತಿಂದ್ಯಲ್ಲೇ!" ಎಂದು ನಗುತ್ತ ಅವನು ಪೊಟ್ಟಣವನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಮನೆಯಲ್ಲಿ ಚಿಕ್ಕಮ್ಮ ದಿನವೂ ಕೇಳುತ್ತಿದ್ದರು: "ಏನೇ ಹುಡುಗಿ, ಆ ಬಿಳಿಯಮ್ಮನಿಗೆ ಏನು ಕಲಿಸ್ತಿದೀಯ?"

"ನಡೆಯೋದು, ಕೂರೋದು, ಕಡ್ಡೀಲಿ ಅನ್ನ ತಿನ್ನೋದು."

"ಕಲಿಸು, ಕಲಿಸು. ನಮ್ಮೋಳೊಬ್ಬಳು ಅಲ್ಲಿದ್ದಾಳಲ್ಲ, ಇನ್ನು ಮೇಲಾದ್ರೂ ನಮ್ಮನ್ನ ಮನುಷ್ಯರ ಹಾಗೆ ತೋರಿಸ್ತಾರೆ," ಎಂದು ಅವರು ತಳದ ಅನ್ನವನ್ನು ಕೆರೆದು ಅವಳ ಬಟ್ಟಲಿಗೇ ಹಾಕುತ್ತಿದ್ದರು. ಅವಳು ತಲೆ ತಗ್ಗಿಸಿ ತಿನ್ನುತ್ತಿದ್ದಳು. ಗರಿಗರಿ ಅನ್ನ ಹಲ್ಲಿನಡಿ ಸದ್ದು ಮಾಡಿದಷ್ಟೂ ಅವಳಿಗೆ ನಾಚಿಕೆಯಾಗುತ್ತಿತ್ತು.

*

ಸಿನಿಮಾ ಮುಗಿಯಿತು. ಚೀನಾದ ಯುದ್ಧಸಂತ್ರಸ್ತರ ನೆರವಿಗೆಂದು ಚೀನೀ ಮಹಿಳಾ ಸಂಘದವರು ಪೇಟೆಯ ಥಿಯೇಟರಿನಲ್ಲಿ ಭಾನುವಾರ ಮಧ್ಯಾಹ್ನದ ಆಟ ಹಿಡಿದರು. ತರಕಾರಿಯವರು, ಲಾಂಡ್ರಿಯವರು, ಔಷಧಿ ಅಂಗಡಿಯವರು, ಎಲ್ಲರೂ ಹೊಸ ಬಟ್ಟೆ ಉಟ್ಟು ಬಂದರು. ಫ್ಲೋರಾ ತಲೆನೋವೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದಳು. "ನೀನಿಲ್ದೆ ನಾನು ಯಾರ ಹತ್ರ ಕೇಳಲಿ, ಯಾವುದು ಏನು ಅಂತ?" ಎಂದು ಚಿಕ್ಕಮ್ಮ ಅವಳನ್ನು ಎಳೆದುಕೊಂಡೇ ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು.

ಮೊದಮೊದಲು ಜನ ಮರ್ಯಾದೆಯಿಂದಲೇ ಇದ್ದರು. ಸಂಘದ ಹೆಂಗಸರು ಮುಂದಿನ ಸಾಲಿನಲ್ಲಿ ಕೂತಿದ್ದರಲ್ಲ! ಆದರೆ ಹಳ್ಳಿಯ ಹಿರಿಯ ತೆರೆಯ ಮೇಲೆ ಬಂದಾಗ ಹಿಂದಿನಿಂದ ಒಬ್ಬ, "ಈ ತಾತ ಯಾವ ಊರಿನೋನಪ್ಪಾ? ಆ ಮೂಗಿನ ಮೇಲೆ ಬಟ್ಟೆ ಒಣಗಹಾಕಬಹುದು!" ಎಂದ. ಮಿಸ್ ಬ್ರ್ಯಾಡ್‌ವೆಲ್ ಕಡ್ಡಿ ಹಿಡಿದು ಅನ್ನ ಎತ್ತಿದಳು. "ಸ್ವೆಟರ್ ಹೆಣೀತಾಳೋ ಊಟ ಮಾಡ್ತಾಳೋ?" ಎಂದು ಒಬ್ಬ ಮುದುಕಿ ಕೇಳಿದಳು. ಸೈನಿಕರು ನುಗ್ಗುವಾಗ "ಅಗೋ ಜಂಗ್ ಮಾವ! ಟೋಪಿ ವಾರೆಯಾಗಿದೆ ಮಾವ!" ಎಂದು ಕೂಗಿದರು. ಕಥೆ ಎಳೆದೂ ಎಳೆದೂ ಸಾಗಿತು. ಭಾಷಣದ ಮೇಲೆ ಭಾಷಣ. ಮಕ್ಕಳು ಅತ್ತಿತ್ತ ಓಡತೊಡಗಿದರು.

ಫ್ಲೋರಾಳಿಗೆ ಏನೂ ಕಾಣುತ್ತಿರಲಿಲ್ಲ. ಆ ದೃಶ್ಯ ಹತ್ತಿರ ಬರುತ್ತಿತ್ತು. ಚಿಕ್ಕಮ್ಮ ಗುರುತು ಹಿಡಿದರೆ? ಮುಚ್ಚಿದ ಬಾಗಿಲ ಹಿಂದಿನ ಮಾತು ಹೊರಗೆ ಬಂದದ್ದು ಹೇಗೆಂದು ಕೇಳಿದರೆ? ಆಮೇಲೆ ಆ ಅಡಿಗೆಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರುವುದು? ಅವಳು ಮಡಿಲಲ್ಲಿ ಕೈ ಜೋಡಿಸಿದಳು. ದೇವರೇ, ಆ ಹೆಂಗಸಿನ ಬಾಯಲ್ಲಿ ಆ ಮಾತು ಯಾರಿಗೂ ಗುರುತು ಸಿಗದ ಹಾಗೆ ಕೆಟ್ಟುಹೋಗಿರಲಿ. ಇಡೀ ಸಿನಿಮಾ ಮಣ್ಣುಪಾಲಾದರೂ ಚಿಂತೆಯಿಲ್ಲ. ತಾನು ಏನನ್ನು ಬೇಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಆದರೂ ಬೇಡಿದಳು.

ತೆರೆಯ ಮೇಲೆ ತಾಯಿ ಬೀದಿಯ ನಡುವೆ ಮಗನ ಹೆಣದ ಮೇಲೆ ಬಿದ್ದಳು. ಬಾಯಿ ತೆರೆದಳು. ಥಿಯೇಟರು ಒಂದು ಕ್ಷಣ ತಬ್ಬಿಬ್ಬಾಯಿತು. ಆಮೇಲೆ ಎಲ್ಲೋ ಒಬ್ಬರು ಕಿಸಕ್ಕೆಂದರು. ಅಷ್ಟೆ, ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು.

"ಏನು ಮಾರ್ತಿದಾಳೆ ಇವಳು, ಮೀನೋ ಸೀಗಡಿಯೋ?"

"ಮಗನಿಗೆ ತಾಯಿ ಬೀದೀಲಿ ಅಳ್ತಾಳಾ? ಯಾವ ಮನೆಹಾಳರು ಹೇಳಿಕೊಟ್ರು ಇದನ್ನ?"

"ಕಣ್ಣಿನ ಪಟ್ಟಿ ನೋಡ್ರೋ, ಬಿಚ್ಕೊಳ್ತಾ ಇದೆ!"

ಫ್ಲೋರಾ ಮೆಲ್ಲಗೆ ಪಕ್ಕಕ್ಕೆ ತಿರುಗಿದಳು. ಯೀ ಚಿಕ್ಕಮ್ಮ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕರವಸ್ತ್ರದಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. "ಅಯ್ಯಯ್ಯೋ, ಬಾಲ ಸಿಕ್ಕಿಹಾಕ್ಕೊಂಡ ಬೆಕ್ಕಿನ ಹಾಗಿದೆಯಲ್ಲೇ!" ಎಂದರು.

ಬದುಕಿದೆ ಎಂದುಕೊಂಡಳು ಫ್ಲೋರಾ. ಆ ಮಾತು ಮನಸ್ಸಿನಲ್ಲಿ ಮೂಡಿದ ಗಳಿಗೆಯಲ್ಲೇ ಅವಳ ಮೈಯೆಲ್ಲ ಕುಗ್ಗಿತು. ಹೆತ್ತ ತಾಯಿ ತನ್ನ ಅಳುವಿಗೇ ನಗುವ ಹಾಗೆ ಮಾಡಿ, ಅದರಿಂದ ನೆಮ್ಮದಿ ಪಡೆದವಳು ತಾನು. ಟ್ರಾಮಿನಲ್ಲಿ ಮನೆಗೆ ಬರುವಾಗ ಚಿಕ್ಕಮ್ಮ ದಾರಿಯುದ್ದಕ್ಕೂ ಏನೇನೋ ಹೇಳಿ ನಗಿಸಲು ನೋಡಿದರು. ಅವಳು ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು.

ಸಿನಿಮಾ ಪೇಟೆಯಲ್ಲಿ ಹೆಚ್ಚು ದಿನ ಓಡಲಿಲ್ಲ. ಪತ್ರಿಕೆಯವರೂ ಅದನ್ನು ಹಂಗಿಸಿದರು. ಫ್ಲೋರಾಳ ಹೆಸರು ಬರೆದ ಕುರ್ಚಿಯನ್ನು ಒರೆಸಿ ಇನ್ನಾರದೋ ಹೆಸರು ಬರೆದಿರಬೇಕು. ಅವಳು ಸೊಪ್ಪಿನ ಕಟ್ಟಿಗೆ ವಾಪಸಾದಳು.

*

ಚಿಕ್ಕಮ್ಮನ ಮಗ ಹೋದ ಆ ದಿನ ಬಂತು. ಬೆಳಿಗ್ಗೆ ಫ್ಲೋರಾ ಮಾರುಕಟ್ಟೆಗೆ ಹೋಗದೆ ಮಂಚದ ಅಂಚಿನಲ್ಲಿ ಕೂತು ಕಾದಳು. ಗೋಡೆಯಾಚೆ ಬಾಗಿಲು ಹಾಕಿದ ಸದ್ದಾಯಿತು. ಕಂಬಳಿ ಕಟ್ಟಿದ ಸದ್ದಾಯಿತು. ಊದುಬತ್ತಿಯ ವಾಸನೆ ಹಲಗೆಯ ಸಂದಿಯಿಂದ ಒಳಗೆ ಬಂತು. ಆಮೇಲೆ ಏನೂ ಇಲ್ಲ. ಒಮ್ಮೆ ಯಾರೋ ಉಸಿರೆಳೆದುಕೊಂಡ ಹಾಗೆ ಕೇಳಿಸಿತು. ಮತ್ತೆ ನಿಶ್ಶಬ್ದ. ಹೀಗೇ ಬಹಳ ಹೊತ್ತು ಕಳೆಯಿತು.

ಕೊನೆಗೆ ಗೋಡೆಯನ್ನು ಬೆರಳಿನಿಂದ ತಟ್ಟಿದರು. "ಇದೀಯೇನೇ? ಬಾ ಇಲ್ಲಿ."

ಕೋಣೆ ಅರೆಗತ್ತಲಾಗಿತ್ತು. ಮೇಜಿನ ಮೇಲೆ ಹುಡುಗನ ಪಟ, ಮೂರು ಪುಟ್ಟ ಬಟ್ಟಲು, ಉರಿದು ಸಣ್ಣಗಾದ ಊದುಬತ್ತಿ. ಚಿಕ್ಕಮ್ಮ ನೆಲದ ಮೇಲೆ ಕೂತಿದ್ದರು. ಕಣ್ಣು ಒಣಗಿತ್ತು. ಫ್ಲೋರಾ ಬಾಗಿಲ ಬಳಿಯೇ ಕೂತಳು. ಅವರು ಮಡಿಲಿನಿಂದ ಒಂದು ಕೆಂಪು ಪೊಟ್ಟಣ ತೆಗೆದು ಅವಳ ಕೈಯಲ್ಲಿಟ್ಟರು.

"ಅವತ್ತು ಸ್ಟುಡಿಯೋದಲ್ಲಿ ನೀನು ಇದನ್ನ ತಗೊಂಡಿರಲಿಕ್ಕಿಲ್ಲ. ತಿನ್ನು ಮೊದಲು."

ಫ್ಲೋರಾಳಿಗೆ ತಲೆ ಎತ್ತಲಾಗಲಿಲ್ಲ. "ಚಿಕ್ಕಮ್ಮಾ, ನಿಮಗೆ... ಯಾವಾಗ..."

"ಅವಳು ಬಾಯಿ ತೆರೆದಾಗಲೇ. ಎಷ್ಟು ಕೆಡಿಸಿದ್ರೂ ನನ್ನ ಮಗನ ಚಪ್ಪಲಿ ನಂಗೆ ಗೊತ್ತಾಗಲ್ವೇನೇ?"

"ಮತ್ತೆ ನೀವು ನಕ್ಕಿರಿ..."

"ಊರೆಲ್ಲ ನಗ್ತಾ ಕೂತಿತ್ತು. ನಾನೊಬ್ಬಳು ಅತ್ತಿದ್ರೆ ಎಲ್ರೂ ತಿರುಗಿ ನೋಡ್ತಿದ್ರು. ಆಮೇಲೆ ನಿನ್ನನ್ನ ನೋಡ್ತಿದ್ರು. ಜಂಗ್ ಒಬ್ಬ ಸಾಕಿತ್ತು, ಸಂಜೆಯೊಳಗೆ ಮಾರುಕಟ್ಟೆಗೆಲ್ಲ ಸಾರೋನು. ತಿನ್ನು ಅಂದೆ."

ಅವಳು ಮಿಠಾಯಿ ಬಾಯಿಗೆ ಹಾಕಿಕೊಂಡಳು. ಅದು ಕರಗಲೇ ಇಲ್ಲ. ಕ್ಷಮಿಸಿ ಎನ್ನುವ ಮಾತು ಗಂಟಲಿಗೆ ಬಂತು. ಚಿಕ್ಕಮ್ಮ ಕೈ ಅಡ್ಡ ಹಿಡಿದರು.

"ಅದೆಲ್ಲ ನಿನ್ನ ದೇವರ ಹತ್ರ ಇಟ್ಕೋ. ನಂಗೆ ಬೇರೆ ಕಷ್ಟ ಬಂದಿದೆ. ಬೆಳಿಗ್ಗೆಯಿಂದ ಬಾಯಿ ತೆರೀತಿದೀನಿ, ಆ ಹೆಂಗಸಿನ ದನೀನೇ ಬರ್ತದೆ. ನಗುನೂ ಬರ್ತದೆ. ಹುಡುಗ ಕಾಯ್ತಾ ಇದಾನೆ. ನಿಂಗೆ ಬಾಯಿಗೆ ಬರ್ತದಲ್ಲ, ನೀನೇ ಹೇಳು."

"ನನ್ನಿಂದಾಗಲ್ಲ ಚಿಕ್ಕಮ್ಮ."

"ಅಲ್ಲಿ ಆಯ್ತಲ್ಲ. ಇಲ್ಲೂ ಆಗ್ತದೆ."

ಬೈದದ್ದಲ್ಲ, ಮೆತ್ತಗೇ ಹೇಳಿದರು. ಫ್ಲೋರಾ ಪಟದ ಕಡೆಗೆ ತಿರುಗಿದಳು. ಮಿಠಾಯಿಯನ್ನು ದವಡೆಗೆ ಒತ್ತಿಕೊಂಡು ಶುರುಮಾಡಿದಳು. ದಾರಿಯಲ್ಲಿ ನಾನು ಮುಂದಿದ್ದೆನಲ್ಲೋ... ಮೊದಲ ಮಾತಿಗೇ ಅವಳಿಗೆ ಕೇಳಿಸಿತು: ತುಂಡು ತುಂಡಾಗಿ, ತಪ್ಪು ಜಾಗದಲ್ಲಿ ಉಸಿರೆಳೆದು, ಸ್ಟುಡಿಯೋದಲ್ಲಿ ತಾನು ಕಲಿಸಿದ ಹಾಗೆಯೇ ಬರುತ್ತಿತ್ತು. ಬೇರೆ ರೀತಿ ಈಗ ಅವಳಿಗೂ ಬರುತ್ತಿರಲಿಲ್ಲ. ಚಪ್ಪಲಿಯ ಸಾಲಿಗೆ ಬಂದಳು. ಕಾಲೆಲ್ಲಿ ಬಿಟ್ಟೆ ಎಂದಳು. ಅಲ್ಲಿಗೆ ನಿಂತಳು. ಸಿನಿಮಾದಲ್ಲೂ ಅಲ್ಲಿಗೇ ನಿಂತಿತ್ತು. ಮುಂದಿನದು ನಾಲಿಗೆಯ ತುದಿಯಲ್ಲಿತ್ತು. ಆದರೆ ಬೇಡ ಸರ್ ಎಂದು ತಾನೇ ಬಿಟ್ಟುಕೊಟ್ಟ ಮಾತನ್ನು ಈ ಹುಡುಗನ ಎದುರು ಯಾವ ಬಾಯಿಂದ ಎತ್ತುವುದು?

ಚಿಕ್ಕಮ್ಮ ಕಾದರು. ಆಮೇಲೆ ಅವರಿಗೆ ಏನೋ ಹೊಳೆದ ಹಾಗಾಯಿತು.

"ಆ ಹೆಂಗಸು ಅದನ್ನ ಹೇಳಲಿಲ್ಲ ಅಲ್ವಾ?" ಎಂದರು. "ಅನ್ನದ್ದು."

ಫ್ಲೋರಾ ಇಲ್ಲವೆಂದು ತಲೆಯಾಡಿಸಿದಳು.

ಚಿಕ್ಕಮ್ಮ ಪಟದತ್ತ ಸರಿದರು. ಪಾತ್ರೆಯ ತಳದ ಅನ್ನ ಕೆರೆದಿದ್ದೇನೆ ಎಂದರು, ಮಾತಾಡುವ ದನಿಯಲ್ಲಿ, ಪರೀಕ್ಷೆ ಮಾಡುವವರ ಹಾಗೆ. ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ದನಿ ಎಲ್ಲೋ ಒಳಗಿನಿಂದ ಎದ್ದು, ವರ್ಷವರ್ಷವೂ ಒಡೆಯುತ್ತಿದ್ದ ಜಾಗದಲ್ಲೇ ಒಡೆಯಿತು. ಯಾರ ಕೈಗೆ ಹಾಕಲಿ, ಯಾರ ಕೈಗೆ ಹಾಕಲಿ ಎಂದು ಅದೊಂದನ್ನೇ ಹಿಡಿದುಕೊಂಡು ಅವರು ಮುಂದಕ್ಕೂ ಹಿಂದಕ್ಕೂ ತೂಗತೊಡಗಿದರು. ಉಳಿದೆರಡು ಸಾಲಿನ ಹತ್ತಿರ ಹೋಗಲಿಲ್ಲ.

ಫ್ಲೋರಾ ಸದ್ದಾಗದಂತೆ ಎದ್ದು, ಬಾಗಿಲು ಎಳೆದುಕೊಂಡು ಅಡಿಗೆಮನೆಗೆ ಹೋದಳು. ಒಲೆಯ ಮೇಲೆ ಬೆಳಗಿನ ಅನ್ನದ ಪಾತ್ರೆ ಇತ್ತು. ಸೌಟಿನಿಂದ ತಳವನ್ನು ಕೆರೆದಳು. ಗರಿಗರಿ ಅನ್ನ ಇಡಿಯಾಗಿ ಎದ್ದು ಬಂತು. ಅದನ್ನು ಬಟ್ಟಲಿಗೆ ಹಾಕಿ, ಮುಚ್ಚಿದ ಬಾಗಿಲ ಹೊರಗೆ ನೆಲದ ಮೇಲಿಟ್ಟಳು. ಒಳಗೆ ಕೇಳಿಸುತ್ತಿದ್ದದ್ದು ತನಗೆ ಕೇಳಿಸಬಾರದೆಂದು, ಎರಡೂ ಕಿವಿಗೆ ಕೈ ಒತ್ತಿಕೊಂಡು ಬೀದಿಗೆ ಇಳಿದು ಹೋದಳು.